ಹಗೇವು ತುಂಬುವುದು ತೆಗೆಯಲಿಕ್ಕೆ

ಪ್ರಶ್ನೆ: ನನಗೆ 43 ವರ್ಷ, ಚಿಂತಾಮಣಿಯವಳು. 2020ರ ಲಾಕ್‌ಡೌನ್‌ನಲ್ಲಿ ಎಣ್ಣೆ, ಸೋಪಿಗೆ ಪರದಾಡಿದೆ. ಅಂದಿನಿಂದ ಆಫರ್ ಕಂಡರೆ ಬಿಡುವುದಿಲ್ಲ. ಮನೆಯಲ್ಲಿ ಈಗ 60 ಸೋಪು, 22 ಲೀಟರ್ ಎಣ್ಣೆ, ಮೂರು ಮೂಟೆ ರಾಗಿ ಇವೆ. ಮಗಳ ಕೋಣೆ ತುಂಬಿಹೋಗಿ ಅವಳು ಹಾಲ್‌ನಲ್ಲಿ ಓದುತ್ತಾಳೆ. ಕೂಡಿಟ್ಟದ್ದನ್ನು ಒಡೆಯಲು ಮನಸ್ಸು ಬಾರದೆ, ಬೇಕಾದಾಗ ಅಂಗಡಿಯಿಂದಲೇ ತರಿಸುತ್ತೇನೆ. ನಮ್ಮ ಮನೆಯವರು ‘ನೀನೇ ಅಂಗಡಿ ಇಡು’ ಎಂದು ಹಂಗಿಸುತ್ತಾರೆ. ಇದು ಉಳಿತಾಯವೋ, ಕಾಯಿಲೆಯೋ?

ಉತ್ತರ: ಸೋಪಿನ ಲೆಕ್ಕ ಓದಿ ನನಗೇನೂ ಗಾಬರಿಯಾಗಲಿಲ್ಲ ತಂಗಿ. ಸೋಪು ಬೇಗ ಕೆಡುವ ವಸ್ತುವಲ್ಲ, ಒಣಗಿದ ಸೋಪು ಸವೆಯುವುದೂ ನಿಧಾನ. ಕೂಡಿಡುವುದಂತೂ ನಮ್ಮ ಸೀಮೆಗೆ ಹೊಸದಲ್ಲ. ವರ್ಷವಿಡೀ ಹರಿಯುವ ಹೊಳೆಯಿಲ್ಲದ ನಾಡು. ಕೆರೆ ತುಂಬಿದರೆ ಉಂಟು, ಇಲ್ಲವಾದರೆ ಇಲ್ಲ. ಅದಕ್ಕೇ ಹಿರಿಯರು ಹಗೇವಿಗೆ, ಅಂದರೆ ಕಾಳು ಕೂಡಿಡುವ ನೆಲದೊಳಗಿನ ಗುಂಡಿಗೆ, ರಾಗಿ ಸುರಿದು ಬಾಯಿ ಮುಚ್ಚಿಡುತ್ತಿದ್ದರು. ಆದರೆ ಬೇಕಾದ ದಿನ ತೆಗೆದೇ ತೆಗೆಯುತ್ತಿದ್ದರು. ಒಳಗಿನ ಕೆಟ್ಟ ಗಾಳಿ ಹೋಗಲೆಂದು ಕಾದು, ಆಮೇಲೆ ಇಳಿಯುತ್ತಿದ್ದರು. ಹಗೇವಿನಲ್ಲಿ ರಾಗಿ ಇಟ್ಟುಕೊಂಡು ಸಂತೆಯಲ್ಲಿ ಸೇರು ರಾಗಿ ಕೊಂಡವರನ್ನು ನಾನು ಕೇಳಿಲ್ಲ.

ನೀವು ಮಾಡುತ್ತಿರುವುದು ಅದನ್ನೇ. ಆಫರ್‌ನಲ್ಲಿ ಉಳಿಸಿದ ದುಡ್ಡು ಅಂಗಡಿಗೇ ವಾಪಸ್ ಹೋಗುತ್ತಿದೆ, ಎಣ್ಣೆ ಇತ್ತ ಕಮಟುತ್ತಿದೆ.

ವಸ್ತುಗಳನ್ನು ಬಿಡಲಾರದೆ, ಮನೆಯ ಜಾಗವೇ ಬಳಕೆಗೆ ಬಾರದ ಹಾಗಾದರೆ ವೈದ್ಯರು ಅದನ್ನು ಕಾಯಿಲೆ ಎಂದೇ ನೋಡುತ್ತಾರೆ. ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ 2013ರಿಂದ ಅದಕ್ಕೆ ಪ್ರತ್ಯೇಕ ಸ್ಥಾನವಿದೆ. ನಿಮ್ಮದು ಅದೇ ಎಂದು ಕಾಗದ ಓದಿ ಹೇಳಲಾರೆ. ಮಗಳು ಕೋಣೆ ಬಿಟ್ಟದ್ದು ಮಾತ್ರ ನನಗೆ ಸರಿಕಾಣಲಿಲ್ಲ.

ಅಲ್ಲಿಂದಲೇ ಶುರುಮಾಡಿ. ಮೊದಲು ಅವಳ ಮೇಜು ಖಾಲಿಯಾಗಲಿ. ಈ ತಿಂಗಳ ಸಾಮಾನಿನ ಚೀಟಿಯಲ್ಲಿ ಎಣ್ಣೆ, ಸೋಪು ಬರೆಯಬೇಡಿ. ತಾರೀಖು ಹತ್ತಿರವಿರುವ ಎಣ್ಣೆ ಪ್ಯಾಕೆಟ್ಟನ್ನು ಮಗಳ ಕೈಯಲ್ಲೇ ಒಡೆಸಿ. ಆಗ ಎದೆ ಡವಗುಟ್ಟಿ, ರಾತ್ರಿ ನಿದ್ದೆ ಬಾರದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ನಿಮ್ಮ ಮನೆಯವರಿಗೂ ಇದನ್ನು ಓದಲು ಕೊಡಿ. ನೀವಿಲ್ಲದ ಹೊತ್ತಲ್ಲಿ ಸಾಮಾನು ಎತ್ತಿ ಹಾಕುವ ಸಾಹಸ ಬೇಡ. ಹೋದದ್ದರ ಎರಡರಷ್ಟು ಮನೆಗೆ ಬಂದೀತು. ಹಂಗಿಸುವ ಬಾಯಿಗೆ ಬಿಡುವು ಕೊಟ್ಟು ಮೂಟೆ ಜರುಗಿಸಲು ಕೈ ಹಾಕಲಿ.

ರಾಗಿಯ ವಿಷಯದಲ್ಲಿ ಯಾರ ಮಾತನ್ನೂ ಕೇಳಬೇಡಿ, ಇರಲಿ. ಹಿಟ್ಟು ಮಾತ್ರ ತಿಂಗಳಿಗೆ ಬೇಕಾದಷ್ಟೇ ಬೀಸಿಸಿ.