ಓದುಗರ ಪ್ರಶ್ನೆ: ಎಕ್ಸೆಲ್ ಶೀಟ್‌ಗಳನ್ನು ಕೋಡ್‌ನಿಂದ ಜೋಡಿಸುವಾಗ

ಪ್ರಶ್ನೆ: ಆಕ್ಸೆಸ್‌ನಿಂದ ಎಕ್ಸೆಲ್ ಫೈಲ್ ತೆರೆದು ಶೀಟ್‌ಗಳ ಕ್ರಮ ಬದಲಿಸುವ ವಿಬಿಎ (ಆಫೀಸ್‌ನ ಒಳಗಿನ ಪ್ರೋಗ್ರಾಮಿಂಗ್ ಭಾಷೆ) ಕೋಡ್ ಬರೆದಿದ್ದೇನೆ. ಹಳೆಯ ಆಫೀಸ್ ಇರುವ ಕಂಪ್ಯೂಟರ್‌ನಲ್ಲೂ ಓಡಲಿ ಎಂದು ಲೇಟ್ ಬೈಂಡಿಂಗ್‌ಗೆ (ಎಕ್ಸೆಲ್ ಲೈಬ್ರರಿಯನ್ನು ಮೊದಲೇ ಜೋಡಿಸದೆ, ಕೋಡ್ ಓಡುವಾಗ ಎಕ್ಸೆಲ್ ಹುಡುಕಿಕೊಳ್ಳುವ ವಿಧಾನ) ಬದಲಿಸಿದೆ. ಈಗ ಕಂಪೈಲ್ ಆಗುತ್ತಿಲ್ಲ. ಜೊತೆಗೆ ಒಮ್ಮೊಮ್ಮೆ ಶೀಟ್ ಹೊಸ ಫೈಲಿಗೇ ಹೋಗಿಬಿಡುತ್ತದೆ. ಏಕೆ?

ಉತ್ತರ: ರೆಫರೆನ್ಸ್ (ಎಕ್ಸೆಲ್ ಲೈಬ್ರರಿಯ ಜೋಡಣೆ) ತೆಗೆದು, ವೇರಿಯಬಲ್‌ಗಳನ್ನು 'ಆಬ್ಜೆಕ್ಟ್' ಎಂದು ಘೋಷಿಸಿ, ಕ್ರಿಯೇಟ್‌ಆಬ್ಜೆಕ್ಟ್‌ನಿಂದ ಎಕ್ಸೆಲ್ ತೆರೆದಾಗ ಎಕ್ಸೆಲ್‌ನ ಸ್ಥಿರಾಂಕಗಳ ಹೆಸರು ಆಕ್ಸೆಸ್‌ಗೆ ಗೊತ್ತಿರುವುದಿಲ್ಲ. ಕಂಪೈಲ್ ನಿಲ್ಲುವುದು ಸಾಮಾನ್ಯವಾಗಿ ಅಲ್ಲೇ. ಹೆಸರಿನ ಜಾಗದಲ್ಲಿ ಅದರ ಅಂಕಿಯನ್ನೇ ಬರೆಯಿರಿ: ಕಾಲಮ್‌ನ ಕೊನೆಯ ತುಂಬಿದ ಸೆಲ್ ಹುಡುಕುವ 'ಎಕ್ಸ್‌ಎಲ್‌ಅಪ್'ಗೆ -4162. ಪ್ರತಿ ವೇರಿಯಬಲ್ ಘೋಷಿಸಲೇಬೇಕು ಎನ್ನುವ 'ಆಪ್ಷನ್ ಎಕ್ಸ್‌ಪ್ಲಿಸಿಟ್' ಸಾಲು ತೆಗೆದರೆ ಕಂಪೈಲ್ ಏನೋ ಆಗುತ್ತದೆ, ಆದರೆ ಆ ಹೆಸರು ಖಾಲಿ ವೇರಿಯಬಲ್ ಆಗಿ ಓಡುವಾಗ ಎಡವುತ್ತದೆ. ದಯವಿಟ್ಟು ತೆಗೆಯಬೇಡಿ.

ಇನ್ನು ಶೀಟ್ ಹೊಸ ಫೈಲಿಗೆ ಹೋಗುವ ವಿಷಯ. ಶೀಟ್ ಸರಿಸುವ 'ಮೂವ್'ಗೆ ಎರಡು ಆರ್ಗ್ಯುಮೆಂಟ್: ಮೊದಲನೆಯದು 'ಬಿಫೋರ್', ಎರಡನೆಯದು 'ಆಫ್ಟರ್'. ಎರಡನ್ನೂ ಬಿಟ್ಟರೆ ಎಕ್ಸೆಲ್ ಹೊಸ ವರ್ಕ್‌ಬುಕ್ ತೆರೆದು ಶೀಟನ್ನು ಅಲ್ಲಿಗೆ ಸಾಗಿಸುತ್ತದೆ. ನಿಮಗೆ ಆಗಿರುವುದು ಇದೇ.

ಕ್ರಮಸಂಖ್ಯೆ ಲೆಕ್ಕ ಹಾಕುತ್ತಾ ಹೋಗಬೇಡಿ. ಒಂದು ಶೀಟ್ ಸರಿದರೆ ಉಳಿದವುಗಳ ಸಂಖ್ಯೆಯೂ ಬದಲಾಗುತ್ತದೆ. ಬೇಕಾದ ಕ್ರಮದಲ್ಲಿ ಹೆಸರುಗಳ ಪಟ್ಟಿ ಮಾಡಿಕೊಳ್ಳಿ. ಪಟ್ಟಿಯ ಕೊನೆಯ ಹೆಸರಿನಿಂದ ಶುರುಮಾಡಿ ಮೇಲಕ್ಕೆ ಬನ್ನಿ, ಪ್ರತಿ ಶೀಟನ್ನೂ ಒಂದನೇ ಶೀಟಿನ ಮುಂದಕ್ಕೆ ತನ್ನಿ. ಪಟ್ಟಿಯಲ್ಲಿ ಇಲ್ಲದವು ತಾವಾಗಿಯೇ ಹಿಂದೆ ಉಳಿಯುತ್ತವೆ. ಇಲ್ಲಿ 'ವರ್ಕ್‌ಶೀಟ್ಸ್' ಬದಲು 'ಶೀಟ್ಸ್' ಬಳಸಿ: ಮೊದಲನೆಯದು ಚಾರ್ಟ್ ಶೀಟ್‌ಗಳನ್ನು ಎಣಿಸುವುದಿಲ್ಲ, ಹಾಗಾಗಿ ಎಲ್ಲಕ್ಕಿಂತ ಮುಂದೆ ಚಾರ್ಟ್ ಇದ್ದರೆ ಅದು ಅಲ್ಲೇ ಕೂತಿರುತ್ತದೆ.

ಶೀಟ್‌ಗಳ ಹೆಸರು ಕನ್ನಡದಲ್ಲಿದ್ದರೆ ಪಟ್ಟಿಯನ್ನು ಕೋಡ್ ಒಳಗೆ ಟೈಪ್ ಮಾಡಬೇಡಿ. ವಿಬಿಎ ಎಡಿಟರ್‌ಗೆ ಯೂನಿಕೋಡ್ ಬಾರದು, ಅಕ್ಷರಗಳೆಲ್ಲ ಪ್ರಶ್ನೆಚಿಹ್ನೆ ಆಗುತ್ತವೆ. ಪಟ್ಟಿ ಒಂದು ಶೀಟಿನ ಸೆಲ್‌ಗಳಲ್ಲಿರಲಿ, ಅಲ್ಲಿಂದ ಓದಿ. ಓದುವಾಗ ಮೌಲ್ಯವನ್ನು ಪಠ್ಯವಾಗಿಸುವ 'ಸಿಸ್ಟ್ರ್' (CStr) ಹಾಕಲೇಬೇಕು. ಸೆಲ್‌ನಲ್ಲಿ 2024 ಎಂದಿದ್ದರೆ ಎಕ್ಸೆಲ್ ಅದನ್ನು ಹೆಸರು ಎಂದುಕೊಳ್ಳದೆ 2024ನೇ ಶೀಟ್ ಹುಡುಕಿ ದೋಷ 9 ಕೊಡುತ್ತದೆ.

ವರ್ಕ್‌ಬುಕ್ ರಚನೆಗೆ ರಕ್ಷಣೆ ಇದ್ದರೆ 'ಮೂವ್' ನಡೆಯದು, ದೋಷ 1004 ಬರುತ್ತದೆ. ರಕ್ಷಣೆ ಇದೆಯೇ ಎಂದು ತಿಳಿಸುವ 'ಪ್ರೊಟೆಕ್ಟ್‌ಸ್ಟ್ರಕ್ಚರ್' ಮೊದಲೇ ನೋಡಿಕೊಳ್ಳಿ.

ಪ್ರಶ್ನೆ: ಮಧ್ಯದಲ್ಲಿ ದೋಷ ಬಂದರೆ ಮುಂದಿನ ಸಲ ಫೈಲ್ 'ಓದಲು ಮಾತ್ರ' ಎಂದು ತೆರೆಯುತ್ತದೆ.

ಉತ್ತರ: ಕ್ರಿಯೇಟ್‌ಆಬ್ಜೆಕ್ಟ್ ತೆರೆಯುವ ಎಕ್ಸೆಲ್ ತೆರೆಯ ಮೇಲೆ ಕಾಣುವುದಿಲ್ಲ. ಕೋಡ್ ಅರ್ಧಕ್ಕೆ ನಿಂತರೆ ಅದು ಫೈಲ್ ಹಿಡಿದುಕೊಂಡೇ ಉಳಿದಿರಬಹುದು. ಟಾಸ್ಕ್ ಮ್ಯಾನೇಜರ್‌ನಲ್ಲಿ ಸಿಗುತ್ತದೆ. 'ಆನ್ ಎರರ್ ಗೋಟು' ಹಾಕಿ, ದೋಷ ಬಂದರೂ ಬಾರದಿದ್ದರೂ ಕ್ಲೋಸ್, ಕ್ವಿಟ್ ಎರಡೂ ನಡೆಯುವಂತೆ ಮಾಡಿ. ಕ್ಲೋಸ್‌ಗೆ ಉಳಿಸಬೇಕೋ ಬೇಡವೋ ಸ್ಪಷ್ಟವಾಗಿ ಹೇಳಿ: ಕೆಲಸ ಮುಗಿದಿದ್ದರೆ 'ಟ್ರೂ', ದೋಷ ಬಂದಿದ್ದರೆ 'ಫಾಲ್ಸ್'.

ಪ್ರಶ್ನೆ: ಜೋಡಿಸಿದ ಮೇಲೆ ಒಟ್ಟು ಮೊತ್ತವೇ ಬದಲಾಯಿತು!

ಉತ್ತರ: ಸೂತ್ರದಲ್ಲಿ 'ಜನವರಿ:ಮಾರ್ಚ್' ಎಂಬಂಥ ಶೀಟ್‌ಗಳ ವ್ಯಾಪ್ತಿ ಇದೆಯೇ ನೋಡಿ. ಅದು ಜನವರಿ ಶೀಟಿನಿಂದ ಮಾರ್ಚ್ ಶೀಟಿನವರೆಗೆ ನಡುವೆ ಇರುವುದೆಲ್ಲವನ್ನೂ ಕೂಡುತ್ತದೆ. ಫೆಬ್ರವರಿ ಹೊರಗೆ ಸರಿದರೆ ಅದರ ಮೊತ್ತ ಬಿಟ್ಟುಹೋಗುತ್ತದೆ, ಎಚ್ಚರಿಕೆಯೂ ಬರುವುದಿಲ್ಲ. ಇಂಥ ಶೀಟ್‌ಗಳು ಪಟ್ಟಿಯಲ್ಲಿ ಒಟ್ಟಿಗೇ ಇರಲಿ. ಜೋಡಿಸುವ ಮೊದಲು ಮತ್ತು ನಂತರ ಮೊತ್ತದ ಸೆಲ್ ಓದಿ ಕೋಡ್‌ನಲ್ಲೇ ಹೋಲಿಸಿ, ವ್ಯತ್ಯಾಸ ಬಂದರೆ ಉಳಿಸದೆ ಮುಚ್ಚಿ.