‘ಸ್ಯಾಂಕ್ಷನ್’: ಮಂಜೂರಾತಿಯೋ, ನಿರ್ಬಂಧವೋ?

ಪ್ರಶ್ನೆ: ಬ್ಯಾಂಕಿನಲ್ಲಿ ಸಾಲ ‘ಸ್ಯಾಂಕ್ಷನ್’ ಆದರೆ ಸಂತೋಷ, ಪತ್ರಿಕೆಯಲ್ಲಿ ಇರಾನಿನ ಮೇಲೆ ‘ಸ್ಯಾಂಕ್ಷನ್’ ಎಂದರೆ ಶಿಕ್ಷೆ. ಸರಿಯಾದ ಅರ್ಥ ಯಾವುದು?

ಉತ್ತರ: ಎರಡೂ ಸರಿ. ಪದಕ್ಕೊಂದೇ ಅರ್ಥವೆಂದು ಉರು ಹೊಡೆಸುವ ‘ಮೂವತ್ತು ದಿನಗಳಲ್ಲಿ ಇಂಗ್ಲಿಷ್’ ಬಗೆಯ ಪುಸ್ತಕಗಳ ದೆಸೆಯಿಂದ ಈ ಪ್ರಶ್ನೆಗೆ ಎಷ್ಟನೆಯ ಬಾರಿ ಉತ್ತರಿಸುತ್ತಿದ್ದೇನೋ ಲೆಕ್ಕವಿಲ್ಲ. ಲ್ಯಾಟಿನ್ನಿನ ‘ಸಾಂಕ್ಟಿಯೊ’ ಎಂದರೆ ಮೀರಬಾರದೆಂದು ವಿಧಿಸಿದ ಕಟ್ಟಳೆ; ರೋಮನ್ನರ ಕಾನೂನಿನಲ್ಲಿ, ಮೀರಿದವನಿಗೆ ದಂಡವೇನೆಂದು ಹೇಳುವ ಭಾಗಕ್ಕೂ ಅದೇ ಹೆಸರು. ಕಟ್ಟಳೆಗೆ ಬೀಳುವ ಅಧಿಕಾರದ ಮುದ್ರೆಯಿಂದ ಮಂಜೂರಾತಿಯ ಅರ್ಥ ಬೆಳೆಯಿತು, ದಂಡದಿಂದ ನಿರ್ಬಂಧದ ಅರ್ಥ ಬೆಳೆಯಿತು. 1935ರಲ್ಲಿ ಇಥಿಯೋಪಿಯದ ಮೇಲೆ ದಂಡೆತ್ತಿ ಹೋದ ಇಟಲಿಗೆ ರಾಷ್ಟ್ರಸಂಘ ವಿಧಿಸಿದ ಆರ್ಥಿಕ ನಿರ್ಬಂಧಗಳು ಈ ಎರಡನೆಯ ಬಗೆಯವು.

ಪದದ ನೆರೆಹೊರೆ ನೋಡಿ: ದೇಶಗಳ ಸುದ್ದಿಯಲ್ಲಿ, ಬಹುವಚನದಲ್ಲಿ, ‘ಆನ್’ ಅಥವಾ ‘ಅಗೇನ್‌ಸ್ಟ್’ ಜೊತೆಗೆ ಬಂದರೆ ಬಹುಪಾಲು ನಿರ್ಬಂಧ; ಸಾಲ, ಹುದ್ದೆ, ಅನುದಾನ, ವಿದ್ಯುತ್ ಬಿಲ್ಲಿನ ‘ಸ್ಯಾಂಕ್ಷನ್ಡ್ ಲೋಡ್’ ಇವುಗಳಲ್ಲಿ ಮಂಜೂರಾತಿ. ಆದರೆ ಈ ಗುರುತೂ ಒಮ್ಮೊಮ್ಮೆ ಕೈಕೊಡುತ್ತದೆ. ಅಧಿಕಾರಿಯೊಬ್ಬರ ‘ವಿರುದ್ಧ ಸ್ಯಾಂಕ್ಷನ್’ ಸಿಕ್ಕಿತೆಂದು ಓದಿದವರು ಅವರಿಗೆ ಶಿಕ್ಷೆಯೇ ಆಯಿತೆಂದುಕೊಳ್ಳುತ್ತಾರೆ. 1988ರ ಭ್ರಷ್ಟಾಚಾರ ನಿಯಂತ್ರಣ ಕಾಯ್ದೆಯ 19ನೇ ಸೆಕ್ಷನ್ನಿನ ಪ್ರಕಾರ, ಸರ್ಕಾರಿ ನೌಕರರ ಮೇಲಿನ ಲಂಚದಂತಹ ಆರೋಪಗಳನ್ನು ನ್ಯಾಯಾಲಯ ವಿಚಾರಣೆಗೆ ಎತ್ತಿಕೊಳ್ಳಲು ಸಕ್ಷಮ ಪ್ರಾಧಿಕಾರದ ಪೂರ್ವಾನುಮತಿ ಬೇಕು. ಅಲ್ಲಿ ‘ಸ್ಯಾಂಕ್ಷನ್’ ಎಂದರೆ ಆ ಅನುಮತಿಯಷ್ಟೇ, ಅಪರಾಧ ಸಾಬೀತಾಯಿತೆಂದಲ್ಲ. ಈ ಒಂದು ತಪ್ಪಿನಿಂದ ಮರ್ಯಾದಸ್ಥರ ಹೆಸರು ಕೆಡಬಹುದಾದ್ದರಿಂದ, ಮೂಲ ಆದೇಶ ಕಣ್ಣಿಗೆ ಬೀಳುವ ತನಕ ನಾನಂತೂ ಆ ಪದವನ್ನು ಅನುವಾದಿಸುವುದಿಲ್ಲ. ಸಾಲದ ‘ಸ್ಯಾಂಕ್ಷನ್ ಲೆಟರ್’ ಹಿಡಿದವರೂ ಕೇಳಿ: ಅದು ಒಪ್ಪಿಗೆಯ ಪತ್ರ, ಖಾತೆಗೆ ಬಿದ್ದ ಹಣವಲ್ಲ, ಅದನ್ನು ನಂಬಿ ಮನೆಗೆ ಮುಂಗಡ ಕೊಡುವ ಮೊದಲು ಅದರ ಷರತ್ತುಗಳನ್ನು ಕೊನೆಯ ಸಾಲಿನವರೆಗೆ ಓದಿ.

ಪ್ರಶ್ನೆ: ಇದು ಸಂಸ್ಕೃತದ ‘ಶಾಸನ’ದಿಂದ ಹುಟ್ಟಿದ ಪದವಂತೆ, ನಿಜವೇ?

ಉತ್ತರ: ಅಲ್ಲ. ಉಚ್ಚಾರ ಹೋಲಿತೆಂದು ನಂಟು ಕಟ್ಟುವ ವಾಟ್ಸ್ಆ್ಯಪ್ ಪಂಡಿತರಿಗೆ ನನ್ನಲ್ಲಿ ಬೇರೆ ಉತ್ತರವಿಲ್ಲ.

ಪ್ರಶ್ನೆ: ‘ನಿರ್ಬಂಧ’ದ ಬದಲು ‘ದಿಗ್ಬಂಧನ’ ಎಂದು ಬರೆಯಬಹುದೇ?

ಉತ್ತರ: ಹಡಗುಗಳು ಬಂದರನ್ನು ಸುತ್ತುವರಿದು ನಿಂತಿದ್ದರೆ ಬರೆಯಿರಿ.