ಆಪ್ತ ಗೆಳತಿಯ ಗೆಲುವು ಅಪರಿಚಿತರ ಗೆಲುವಿಗಿಂತ ಹೆಚ್ಚು ನೋಯಿಸುವುದೇಕೆ?

ಏಕೆಂದರೆ ಅವಳು ಗೆದ್ದದ್ದು ನೀವು ‘ಇದೇ ನಾನು’ ಎಂದುಕೊಂಡಿದ್ದ ಜಾಗದಲ್ಲಿ. ಶಾಲೆಯ ದಿನಗಳಿಂದಲೂ ‘ಚೆನ್ನಾಗಿ ಹಾಡುವವಳು’ ಎಂದರೆ ನೀವೇ ಎಂದು ನಮಗೆ ಕಳಿಸಿದ ಪತ್ರದಲ್ಲಿ ಬರೆದಿದ್ದೀರಿ. ನಿಮ್ಮ ಜೊತೆಗಿರಲೆಂದು ಸಂಗೀತ ಪಾಠಕ್ಕೆ ಸೇರಿದ ಗೆಳತಿಗೆ ಈಗ ಸಂಗೀತ ಕಛೇರಿಗಳು ಸಿಗುತ್ತಿವೆ. ಅವಳಿಗೆ ಬ್ಯಾಂಕಿನಲ್ಲಿ ಬಡ್ತಿ ಸಿಕ್ಕಿದ್ದರೆ ಎಲ್ಲರಿಗೂ ಸಿಹಿ ಹಂಚುವವರು ನೀವೇ ಆಗಿರುತ್ತಿದ್ದಿರಿ!

ಅಮೆರಿಕದ ಮನಶ್ಶಾಸ್ತ್ರಜ್ಞ ಏಬ್ರಹಾಂ ಟೆಸರ್ ಮತ್ತು ಅವರ ಸಹಲೇಖಕರು 1980ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇದನ್ನು ಚೆನ್ನಾಗಿ ತೋರಿಸುತ್ತದೆ. ಪದ ಊಹಿಸುವ ಆಟದಲ್ಲಿ ಒಬ್ಬರು ಇತರರಿಗೆ ಸುಳಿವು ಕೊಡಬೇಕಿತ್ತು. ಅದು ಬರೀ ಆಟ ಎಂದಾಗ ಜನ ಸ್ನೇಹಿತರಿಗೆ ಸುಲಭ ಸುಳಿವು ಕೊಟ್ಟರು. ಅದು ಮುಖ್ಯವಾದ ಸಾಮರ್ಥ್ಯವನ್ನು ಅಳೆಯುತ್ತದೆ ಎಂದಾಗ, ಅಪರಿಚಿತರಿಗಿಂತ ಸ್ನೇಹಿತರಿಗೇ ಕಠಿಣ ಸುಳಿವು ಕೊಟ್ಟರು. ಹತ್ತಿರದವರೊಡನೆ ಹೋಲಿಕೆ ತಪ್ಪಿಸಿಕೊಳ್ಳಲಾಗದ್ದು, ಅದಕ್ಕೇ ಹೀಗೆ.

ಸ್ನೇಹ ಕೆಡುವುದೂ ಇಂಥ ಸಣ್ಣ ಸಣ್ಣ ತಡೆಗಳಿಂದಲೇ. ದೊಡ್ಡ ಜಗಳ ಬೇಕಿಲ್ಲ. ಅವಳ ಕಛೇರಿಗೆ ಹೋಗದಿರಲು ಒಂದು ನೆಪ, ‘ನಿನ್ನ ಅದೃಷ್ಟ’ ಎನ್ನುವ ಅರೆಮನಸ್ಸಿನ ಮೆಚ್ಚುಗೆ, ಅವಳ ತಪ್ಪು ಸ್ವರ ಕೇಳಿದಾಗ ಒಳಗೊಳಗೇ ಸಮಾಧಾನ. ಅವಳಿಗೆ ಕಾರಣ ತಿಳಿಯದು, ನೀವು ದೂರವಾಗುತ್ತಿರುವುದು ಮಾತ್ರ ತಿಳಿಯುತ್ತದೆ.

ದಯವಿಟ್ಟು ಹಾಡುವುದನ್ನು ಬಿಡಬೇಡಿ. ಬಿಟ್ಟರೆ ನಿಮ್ಮ ಗುರುತನ್ನು ಅವಳೇ ಕಸಿದುಕೊಂಡಳು ಎಂಬ ಭಾವನೆ ಗಟ್ಟಿಯಾಗುತ್ತದೆ. ಅವಳಿಲ್ಲದ ಕಡೆ ಹಾಡಿ, ಮಕ್ಕಳಿಗೆ ಕಲಿಸಿ. ಅವಳ ಬಳಿ ‘ನಿನ್ನ ಮೇಲೆ ಕೋಪವಿಲ್ಲ, ನನ್ನ ಜಾಗ ಕಳೆದುಹೋದಂತೆ ಅನಿಸುತ್ತಿದೆ’ ಎಂದು ಹೇಳಿಬಿಡಿ. ಇಷ್ಟು ವರ್ಷ ಪಕ್ಕದಲ್ಲಿ ಕುಳಿತು ಹಾಡಿದವಳಿಗೆ ಅದು ಖಂಡಿತ ಅರ್ಥವಾಗುತ್ತದೆ ಎಂದು ನನಗನಿಸುತ್ತದೆ.